ಗುಮ್ಮನಿಗೆ ಹೆಸರಿಟ್ಟವರು ಯಾರು?



2023ರ ಜೂನ್‌ನಿಂದ ನವೆಂಬರ್‌ವರೆಗೆ ನಾನು ಅಮೆರಿಕದ ಫ್ಲೋರಿಡಾ ರಾಜ್ಯದ ಟ್ಯಾಂಪಾ ನಗರದಲ್ಲಿ ಮಗನ ಮನೆಯಲ್ಲಿದ್ದೆ. ಮೂವತ್ತು ವರ್ಷ ಪ್ರಾಥಮಿಕ ಶಾಲೆಯಲ್ಲಿ ಕಲಿಸಿ ನಿವೃತ್ತಳಾದವಳು ನಾನು. ಮಕ್ಕಳ ವಿಷಯದಲ್ಲಿ ನನಗೆ ಯಾರೂ ಹೊಸದಾಗಿ ಹೇಳಿಕೊಡಬೇಕಾದ್ದಿಲ್ಲ ಎಂಬ ಸಣ್ಣದೊಂದು ಗರ್ವ ನನ್ನಲ್ಲಿತ್ತು. ಅದನ್ನು ಇಳಿಸಿದವಳು ಎರಡೂವರೆ ವರ್ಷದ ನನ್ನ ಮೊಮ್ಮಗಳು. ಸಂದರ್ಭ ಅಮೆರಿಕದ್ದಾದರೂ ತಪ್ಪು ಮಾತ್ರ ನಮ್ಮೂರಿನಿಂದಲೇ ಹೋದದ್ದು. ಆದ್ದರಿಂದ ಅದನ್ನು ನಿಮ್ಮ ಮುಂದಿಡುತ್ತಿದ್ದೇನೆ.

ಸೆಪ್ಟೆಂಬರ್‌ನಲ್ಲಿ ಒಂದು ರಾತ್ರಿ ಊಟಕ್ಕೆ ಕುಳಿತಾಗ ಮಗ ಮಾತು ತೆಗೆದ. ಒರ್ಲಾಂಡೋ ಬಳಿಯ ವಾಲ್ಟ್ ಡಿಸ್ನಿ ವರ್ಲ್ಡ್‌ಗೆ ನಮ್ಮ ಮನೆಯಿಂದ ಕಾರಿನಲ್ಲಿ ಒಂದೂವರೆ ತಾಸಿನೊಳಗಿನ ದಾರಿ. ಅಲ್ಲಿಯ ಮ್ಯಾಜಿಕ್ ಕಿಂಗ್‌ಡಮ್ ಎಂಬ ಉದ್ಯಾನದಲ್ಲಿ ಪ್ರತಿ ವರ್ಷ ಆಗಸ್ಟ್‌ನಿಂದ ಅಕ್ಟೋಬರ್ ಕೊನೆಯವರೆಗೆ ಆಯ್ದ ರಾತ್ರಿಗಳಲ್ಲಿ ಹ್ಯಾಲೋವೀನ್ ಸಂತೋಷಕೂಟ ನಡೆಯುತ್ತದೆ. ಅಲ್ಲಿಗೆ ಕೂಸನ್ನು ಕರೆದುಕೊಂಡು ಎಲ್ಲರೂ ಹೋಗೋಣ ಎಂಬುದು ಅವನ ಆಸೆ.

“ಅವ್ವಾ, ಮೂರು ವರ್ಷ ತುಂಬೋತನಕ ಕೂಸಿಗೆ ಟಿಕೆಟ್ ಬೇಕಿಲ್ಲ. ಫೆಬ್ರುವರಿಗೆ ಆಕಿಗೆ ಮೂರು ತುಂಬತಾವು. ನೀನೂ ಈಗ ಇಲ್ಲೇ ಇದ್ದಿ. ಮುಂದಿನ ವರ್ಷ ಬರ್ತಿಯೋ ಇಲ್ಲೋ, ಯಾರಿಗೆ ಗೊತ್ತು?”

ಕೊನೆಯ ಮಾತು ಹೇಳುವಾಗ ಅವನು ನನ್ನ ಮುಖ ನೋಡಲಿಲ್ಲ, ತಟ್ಟೆ ನೋಡುತ್ತಿದ್ದ. ಅವನ ತಂದೆ ಲಿಂಗೈಕ್ಯರಾಗಿ ಆಗ ಎರಡು ವರ್ಷ. ಮಗಳೊಡನೆ ತಾಯಿಯ ಒಂದು ನೆನಪು ಕೂಡಿಡಬೇಕೆಂಬ ಆಸೆ ಅವನಿಗೆ ಇತ್ತೆಂದು ನನಗೆ ತಿಳಿಯಿತು. ಆದರೂ ನನ್ನ ಬಾಯಿಂದ ಬಂದ ಮೊದಲ ಮಾತು ಇದು: “ದೆವ್ವದ ಹಬ್ಬಕ್ಕ ಲಿಂಗವಂತರ ಕೂಸನ್ನ ಕರಕೊಂಡು ಹೋಗೂದೇನೋ ತಮ್ಮಾ?”

ಅವನು ನಕ್ಕು ಸುಮ್ಮನಾದ. ಸೊಸೆ ಮಾತಾಡಲಿಲ್ಲ. ರಾತ್ರಿ ಹಾಸಿಗೆಯಲ್ಲಿ ಮಲಗಿ ನಾನು ಆಡಿದ ಮಾತನ್ನು ನಾನೇ ತೂಗಿ ನೋಡಿದೆ. ಅದರಲ್ಲಿ ತೂಕವಿರಲಿಲ್ಲ.

ಹ್ಯಾಲೋವೀನ್ ಹಬ್ಬದ ಬೇರು ಐರ್ಲೆಂಡ್ ಮತ್ತು ಸುತ್ತಲಿನ ನಾಡುಗಳ ಕೆಲ್ಟಿಕ್ ಜನರಲ್ಲಿದೆ. ಸುಗ್ಗಿ ಮುಗಿದು ಚಳಿಗಾಲ ಕಾಲಿಡುವ ಹೊತ್ತಿನಲ್ಲಿ ಅವರು ‘ಸಾವಿನ್’ ಎಂಬ ಹಬ್ಬ ಮಾಡುತ್ತಿದ್ದರು. ಆ ರಾತ್ರಿ ಸತ್ತವರ ಲೋಕಕ್ಕೂ ಬದುಕಿದವರ ಲೋಕಕ್ಕೂ ನಡುವಿನ ಬಾಗಿಲು ತೆರೆಯುತ್ತದೆಂಬುದು ಅವರ ನಂಬಿಕೆ. ಮುಂದೆ ಕ್ರೈಸ್ತರು ನವೆಂಬರ್ 1ನ್ನು ಸಕಲ ಸಂತರ ದಿನವೆಂದು ಆಚರಿಸಿದರು. ಅದರ ಹಿಂದಿನ ಸಂಜೆಯೇ ಹ್ಯಾಲೋವೀನ್. 19ನೆಯ ಶತಮಾನದಲ್ಲಿ ಬರಗಾಲಕ್ಕೆ ಸಿಕ್ಕು ಊರು ಬಿಟ್ಟ ಐರಿಷ್ ಜನ ಈ ಹಬ್ಬವನ್ನು ಅಮೆರಿಕಕ್ಕೆ ತಂದರು. ತಮ್ಮ ನಾಡಿನಲ್ಲಿ ಟರ್ನಿಪ್ ಗಡ್ಡೆ ಕೊರೆದು ದೀಪ ಇಡುತ್ತಿದ್ದವರು ಇಲ್ಲಿ ಕುಂಬಳಕಾಯಿ ಕೊರೆಯತೊಡಗಿದರು. ಇಂದು ಬಹುಪಾಲು ಮನೆಗಳಲ್ಲಿ ಅದು ಮಕ್ಕಳ ವೇಷದ ಹಬ್ಬ. ಮಕ್ಕಳು ಸೋಗು ಹಾಕಿ ಮನೆಮನೆಗೆ ಹೋಗುತ್ತಾರೆ, ಮನೆಯವರು ಚಾಕೊಲೇಟು ಕೊಡುತ್ತಾರೆ.

ಇದರಲ್ಲಿ ನಮಗೆ ಪರಕೀಯವಾದದ್ದು ಏನಿದೆ? ಹೋಳಿಗೆ ಸೋಗು ಹಾಕುವುದು ನಮ್ಮಲ್ಲಿಲ್ಲವೇ? ಮೊಹರಮ್ಮಿಗೆ ಹುಲಿವೇಷ ಹಾಕಿದವರ ಹಿಂದೆ ಓಡಿ ಬೆಳೆದವರಲ್ಲವೇ ನಾವು? ಮಲೆನಾಡಿನಲ್ಲಿ ದೀಪಾವಳಿಯ ರಾತ್ರಿ ಅಂಟಿಗೆ ಪಂಟಿಗೆಯವರು ದೀಪ ಹಿಡಿದು ಮನೆಮನೆಗೆ ಹೋಗುತ್ತಾರೆ. ವಿಜಯದಶಮಿಯ ಸಂಜೆ ಬನ್ನಿ ಹಿಡಿದು ಓಣಿಯ ಒಂದೊಂದೇ ಮನೆಯ ಹೊಸ್ತಿಲು ತುಳಿದ ನಮಗೆ ಮನೆಮನೆಗೆ ಹೋಗುವ ಮಕ್ಕಳು ವಿಚಿತ್ರವಾಗಿ ಕಾಣಬಾರದು.

ಇನ್ನು ದೆವ್ವದ ಮಾತು. ಶಕುನ, ಮುಹೂರ್ತ, ಕ್ಷುದ್ರ ದೈವಗಳ ಅಂಜಿಕೆಯಿಂದ ಜನರನ್ನು ಬಿಡಿಸಲು ಶರಣರು ಪಟ್ಟ ಶ್ರಮ ನಮಗೆಲ್ಲ ಗೊತ್ತು. ದೆವ್ವವೇ ಇಲ್ಲವೆಂದು ವೇದಿಕೆಯಲ್ಲಿ ನಿಂತು ಹೇಳುವ ನಾವು ಬಿಳಿ ಬಟ್ಟೆ ಹೊದ್ದ ದೆವ್ವದ ಗೊಂಬೆಗೆ ಅಂಜಿದರೆ ನಮ್ಮ ಮಾತಿಗೆ ಏನು ಬೆಲೆ? ಬೆಳಿಗ್ಗೆ ಲಿಂಗಪೂಜೆ ಮುಗಿಸಿ ಎದ್ದಾಗ, ನನ್ನ ಮೊದಲ ಆಕ್ಷೇಪವನ್ನು ನಾನೇ ಹಿಂದಕ್ಕೆ ತೆಗೆದುಕೊಂಡೆ. ಮಗನಿಗೂ ಹಾಗೆಯೇ ಹೇಳಿದೆ. ಅವನು ಹಿಗ್ಗಿದ. ಮರುದಿನವೇ ಕೂಸಿಗೆ ಕುಂಬಳಕಾಯಿಯ ಆಕಾರದ ಕೇಸರಿ ಅಂಗಿ ಮನೆಗೆ ಬಂತು.

ಆ ಕೂಟದ ಬಗ್ಗೆ ಮಗ ಹೇಳಿದ್ದನ್ನೂ ನಾನು ಓದಿ ತಿಳಿದದ್ದನ್ನೂ ನ್ಯಾಯವಾಗಿ ಹೇಳಬೇಕು. ಅದರ ಹೆಸರೇ ‘ಮಿಕೀಸ್ ನಾಟ್ ಸೋ ಸ್ಕೇರಿ ಹ್ಯಾಲೋವೀನ್ ಪಾರ್ಟಿ’. ಅಷ್ಟೇನೂ ಅಂಜಿಸದ ಹಬ್ಬ ಎಂದರ್ಥ. 1995ರಲ್ಲಿ ಆರಂಭವಾದದ್ದು. ಅದೇ ಒರ್ಲಾಂಡೋದಲ್ಲಿ ಯೂನಿವರ್ಸಲ್ ಉದ್ಯಾನದವರು ‘ಹ್ಯಾಲೋವೀನ್ ಹಾರರ್ ನೈಟ್ಸ್’ ನಡೆಸುತ್ತಾರೆ. ಅದು ದೊಡ್ಡವರನ್ನೇ ಕಿರುಚಿಸಲು ಮಾಡಿದ್ದು, 13 ವರ್ಷದೊಳಗಿನವರಿಗೆ ತಕ್ಕುದಲ್ಲವೆಂದು ಅವರೇ ಹೇಳುತ್ತಾರೆ. ಡಿಸ್ನಿಯವರದು ಹಾಗಲ್ಲ, ಮನೆಮಂದಿಗಾಗಿ ಮಾಡಿದ್ದು. ವೇಷಕ್ಕೂ ಕಟ್ಟಳೆ ಇದೆ: 14 ವರ್ಷ ಮೇಲ್ಪಟ್ಟವರು ಮುಖವಾಡ ಹಾಕುವಂತಿಲ್ಲ. ಉದ್ಯಾನದ ಅಲ್ಲಲ್ಲಿ ಮಕ್ಕಳ ಚೀಲಕ್ಕೆ ಮಿಠಾಯಿ ಹಾಕುತ್ತಾರೆ. ಶೇಂಗಾ ಮುಂತಾದವು ಮೈಗೆ ಆಗದ ಮಕ್ಕಳಿಗೆ ಬೇರೆ ವ್ಯವಸ್ಥೆಯೂ ಇದೆ.

ಹೊತ್ತು ಮಾತ್ರ ಸಂಜೆ 7ರಿಂದ ನಡುರಾತ್ರಿ 12. ಟಿಕೆಟ್ ಇದ್ದವರು ಸಂಜೆ 4ಕ್ಕೇ ಒಳಗೆ ಹೋಗಬಹುದು. ಎಲ್ಲರೂ ಕಾಯುವ ಮೆರವಣಿಗೆ ರಾತ್ರಿ ಒಂಬತ್ತು ದಾಟಿದ ಮೇಲೆ ಒಂದು ಸಲ, ಹನ್ನೊಂದು ದಾಟಿದ ಮೇಲೆ ಇನ್ನೊಂದು ಸಲ. ಆ ಮೆರವಣಿಗೆಗೆ ಮುಂಚೆ ತಲೆಯಿಲ್ಲದ ಸವಾರನೊಬ್ಬ ಕರಿ ಕುದುರೆ ಏರಿ ದೀಪ ಹಿಡಿದು ಬರುತ್ತಾನೆ. ಗೋರಿ ತೋಡುವವರ ವೇಷದವರು ಸಲಿಕೆಯನ್ನು ನೆಲಕ್ಕೆ ಉಜ್ಜಿ ಕಿಡಿ ಹಾರಿಸುತ್ತಾರೆ. ಕೋಟೆಯ ಮುಂದಿನ ವೇದಿಕೆಯಲ್ಲಿ ಮಾಟಗಾತಿಯರ ಆಟ, ಹತ್ತು ದಾಟಿದ ಮೇಲೆ ಆಕಾಶದಲ್ಲಿ ಮದ್ದಿನಾಟ. ಆರೇಳು ವರ್ಷದ ಮಗುವಿಗೆ ಇದು ಜನ್ಮವಿಡೀ ನೆನಪಿರುವ ರಾತ್ರಿ, ಅದರಲ್ಲಿ ನನಗೆ ಸಂಶಯವಿಲ್ಲ. ಆದರೆ ನಮ್ಮ ಕೂಸು ಎಂಟಕ್ಕೆ ಮಲಗುವವಳು.

ಅಕ್ಟೋಬರ್ ಮೊದಲ ವಾರ ನಾನು, ಸೊಸೆ, ಕೂಸು ದಿನಸಿ ತರಲು ದೊಡ್ಡ ಅಂಗಡಿಯೊಂದಕ್ಕೆ ಹೋಗಿದ್ದೆವು. ಬಾಗಿಲ ಬಳಿ ಹ್ಯಾಲೋವೀನ್ ಸಾಮಾನು ಜೋಡಿಸಿದ್ದರು. ಅದರ ನಡುವೆ ಆಳೆತ್ತರದ ಅಸ್ಥಿಪಂಜರ. ಹತ್ತಿರ ಯಾರಾದರೂ ಹಾದರೆ ಕಣ್ಣು ಕೆಂಪಾಗಿ, ದವಡೆ ಅಲ್ಲಾಡಿಸಿ, ಕೇಕೆ ಹಾಕಿ ನಗುವ ಗೊಂಬೆ ಅದು. ಕೂಸು ಓಡುತ್ತ ಅದರ ಮುಂದೆಯೇ ಹೋದಳು. ಅದು ನಕ್ಕಿತು. ಅವಳು ಒಂದು ಕ್ಷಣ ಉಸಿರೇ ಬಿಡಲಿಲ್ಲ, ಆಮೇಲೆ ಚಿಟ್ಟನೆ ಚೀರಿ ನನ್ನ ಸೀರೆಯೊಳಗೆ ಮುಖ ಹುದುಗಿಸಿದಳು.

ಆ ರಾತ್ರಿ ಅವಳು ಮಲಗಲಿಲ್ಲ. ಮರುರಾತ್ರಿಯೂ ಇಲ್ಲ. ದೀಪ ಆರಿಸಿದರೆ ಅಳು, ತನ್ನ ಕೋಣೆಗೆ ಹೋಗಲು ಒಲ್ಲೆ. ಮೂರನೆಯ ರಾತ್ರಿ ಅವಳನ್ನು ಹೆಗಲಿಗೆ ಹಾಕಿಕೊಂಡು ಅಡ್ಡಾಡುತ್ತಿದ್ದೆ. ಬಾಗಿಲ ಕಡೆ ಬೆರಳು ಮಾಡಿ ನನ್ನ ಕಿವಿಯಲ್ಲಿ ಮೆಲ್ಲಗೆ ಹೇಳಿದಳು: “ಆಯೀ, ಗುಮ್ಮ.”

ಬಂಧುಗಳೇ, ಆ ಶಬ್ದ ಅವಳಿಗೆ ಎಲ್ಲಿಂದ ಬಂತು? ಅವಳ ಶಿಶುಪಾಲನಾ ಕೇಂದ್ರದಲ್ಲಿ ಕನ್ನಡ ಇಲ್ಲ. ಮಗ ಸೊಸೆ ಆ ಮಾತು ಆಡುವವರಲ್ಲ. ಜುಲೈ ತಿಂಗಳಲ್ಲಿ, ಅವಳು ಅನ್ನ ಉಣ್ಣಲು ಹಟ ಮಾಡಿದಾಗ, ಕಿಟಕಿಯ ಕಡೆ ಕೈ ತೋರಿಸಿ “ನೋಡು, ಗುಮ್ಮ ಬಂದ, ಲಗೂನ ಉಣ್ಣು” ಎಂದವಳು ನಾನು. ನನ್ನ ಮಗನನ್ನೂ ಹಾಗೆಯೇ ಉಣ್ಣಿಸಿದ್ದೆ. ನನ್ನ ಅವ್ವ ನನ್ನನ್ನೂ ಹಾಗೆಯೇ ಉಣ್ಣಿಸಿದ್ದಳು. ಸೊಸೆ ಆಗಲೇ ಒಂದು ದಿನ ಹೇಳಿದ್ದಳು: “ಅತ್ತೀ, ಬ್ಯಾಸರ ಮಾಡ್ಕೋಬ್ಯಾಡ್ರಿ, ಕೂಸಿನ ಮುಂದ ಗುಮ್ಮ ಅನ್ನಬ್ಯಾಡ್ರಿ.” ನನಗೆ ಬೇಸರವಾಗಿತ್ತು. ನಾಲ್ಕು ದಿನ ನೆಟ್ಟಗೆ ಮಾತಾಡಿರಲಿಲ್ಲ. ಇಷ್ಟು ಮಕ್ಕಳಿಗೆ ಕಲಿಸಿದ ನನಗೆ ನಿನ್ನೆ ತಾಯಿಯಾದವಳು ಹೇಳಿಕೊಡಬೇಕೇ ಎಂಬ ಬಿಗುಮಾನ.

ಅಂಗಡಿಯವರು ಇಟ್ಟದ್ದು ಪ್ಲಾಸ್ಟಿಕ್ಕಿನ ಒಂದು ಗೊಂಬೆ. ಅದಕ್ಕೆ ಗುಮ್ಮನೆಂದು ಹೆಸರಿಟ್ಟು, ಕಿಟಕಿಯ ಹೊರಗೆ ಮೂರು ತಿಂಗಳು ನಿಲ್ಲಿಸಿ, ಕೂಸಿನ ಮನಸ್ಸಿನಲ್ಲಿ ಅದಕ್ಕೆ ಜಾಗ ಮಾಡಿಕೊಟ್ಟವಳು ನಾನು. ಅವಳು ಕಾಣದ ಗುಮ್ಮನನ್ನು ನನ್ನ ಮಾತಿನ ಮೇಲೆ ನಂಬಿದ್ದಳು. ಆ ದಿನ ಅಂಗಡಿಯಲ್ಲಿ ಅವನನ್ನು ಕಣ್ಣಾರೆ ಕಂಡಳು. ಆಯಿ ಹೇಳಿದ್ದು ಖರೆ ಎಂದು ಅವಳಿಗೆ ಖಾತ್ರಿಯಾಯಿತು, ಅಷ್ಟೇ.

ಎರಡು ಮೂರು ವರ್ಷದ ಮಕ್ಕಳಿಗೆ ಆಟದ ವೇಷ ಯಾವುದು, ನಿಜ ಯಾವುದು ಎಂಬ ಗೆರೆ ಇನ್ನೂ ಗಟ್ಟಿಯಾಗಿರುವುದಿಲ್ಲ. ಮುಖವಾಡ ಹಾಕಿದವನು ತನ್ನ ಅಪ್ಪನೇ ಆದರೂ ಆ ವಯಸ್ಸಿನ ಮಗು ಅಂಜಬಹುದು. ದೊಡ್ಡವರು “ಅದು ಗೊಂಬೆ” ಎಂದರೆ ಮಗುವಿನ ಅಂಜಿಕೆ ಹೋಗುವುದಿಲ್ಲ. ಗೊಂಬೆ ಎಂಬ ತಿಳಿವಳಿಕೆ ಅದರೊಳಗೇ ಹುಟ್ಟಬೇಕು, ಅದಕ್ಕೆ ವರ್ಷಗಳು ಬೇಕು. ಇದು ನಾನು ಶಿಕ್ಷಕಿಯಾಗಿ ಓದಿ ಪರೀಕ್ಷೆ ಬರೆದ ವಿಷಯ. ಆದರೆ ಆಗ ತಿಳಿದಿರಲಿಲ್ಲ, ಆ ರಾತ್ರಿ ಹೆಗಲ ಮೇಲಿನ ಭಾರ ತಿಳಿಸಿತು.

ಮುಂದಿನ ಭಾನುವಾರ ನಾವು ಮೂವರು ಕುಳಿತು ಹೋಗುವುದೋ ಬಿಡುವುದೋ ಎಂದು ಮಾತಾಡಿದೆವು. ಮೊದಲು ನಾನು ಸೊಸೆಯ ಕ್ಷಮೆ ಕೇಳಿದೆ. ಅವಳು “ಇರಲಿ ಬಿಡ್ರಿ ಅತ್ತೀ” ಎಂದು ಎದ್ದು ಚಹಾ ಇಡಲು ಹೋದಳು. ಬರುವಾಗ ಕಣ್ಣು ಒರೆಸಿಕೊಂಡು ಬಂದಳು.

ಮಗ ತನ್ನ ವಾದ ಬಿಡಲಿಲ್ಲ. ಅವನ ವಾದದಲ್ಲಿ ಹುರುಳಿತ್ತು. ನಾಲ್ಕಕ್ಕೇ ಒಳಗೆ ಹೋಗಿ, ಬೆಳಕಿದ್ದಾಗಲೇ ಗಾಳಿಯಲ್ಲಿ ತೇಲುವ ಆನೆಯ ಮೇಲೆ ಕೂಸನ್ನು ಕೂರಿಸಿ, ಎಂಟಕ್ಕೆ ಹೊರಟುಬಿಡೋಣ. ಕಿವಿಗೆ ಮುಚ್ಚಳ ಹಾಕೋಣ. ಅಂಜಿದರೆ ತಕ್ಷಣ ಹೊರಗೆ ಕರೆದೊಯ್ಯೋಣ. ಸೊಸೆ ಲೆಕ್ಕದವಳು. ಅವಳು ಕಾಗದ ತೆಗೆದುಕೊಂಡು ಬರೆದಳು. ಆ ವರ್ಷ ಟಿಕೆಟ್ ದರ ದಿನಕ್ಕೆ ತಕ್ಕಂತೆ 109 ಡಾಲರಿನಿಂದ 199 ಡಾಲರ್. ಅತಿ ಕಡಿಮೆ ದರದ ದಿನ ಹೋದರೂ ದೊಡ್ಡವರು ಮೂವರಿಗೆ 327 ಡಾಲರ್, ತೆರಿಗೆ ಬೇರೆ. ಆಗಿನ ಲೆಕ್ಕದಲ್ಲಿ ಸುಮಾರು 27,000 ರೂಪಾಯಿ. “ಎಂಟಕ್ಕ ಹೊಂಟ್ರ ಮೆರವಣಿಗಿ ಇಲ್ಲ, ಮದ್ದಿನಾಟ ಇಲ್ಲ. ಕೂಸಿಗೆ ಪುಕ್ಕಟೆ ಅಂತ ಹೋಗಿ, ಪುಕ್ಕಟೆ ಇದ್ದಾಕಿನ್ನ ಮಲಗಿಸಿಕೊಂಡು ನಾವು ದುಡ್ಡು ಕೊಟ್ಟು ಏನು ನೋಡೂದು?” ಎಂದಳು.

ನಿದ್ದೆಯ ಲೆಕ್ಕವೂ ಬಂತು. ಮೂರು ತುಂಬದ ಮಗುವಿಗೆ ದಿನದ 24 ತಾಸಿನಲ್ಲಿ, ಹಗಲು ನಿದ್ದೆ ಸೇರಿ, 11ರಿಂದ 14 ತಾಸು ನಿದ್ದೆ ಬೇಕೆಂದು ಅಲ್ಲಿಯ ವೈದ್ಯರು ಹೇಳುತ್ತಾರೆ. ಆಗಲೇ ವಾರದಿಂದ ನಿದ್ದೆಗೆಟ್ಟ ಕೂಸು ಅದು. ಮಿಠಾಯಿಯ ಮಾತೂ ಬಂತು. ಎರಡು ವರ್ಷ ದಾಟಿದ ಮಕ್ಕಳಿಗೆ ಹೊರಗಿನಿಂದ ಸೇರಿಸಿದ ಸಕ್ಕರೆ ದಿನಕ್ಕೆ 25 ಗ್ರಾಂ, ಅಂದರೆ ಆರು ಚಹಾ ಚಮಚ, ಮೀರಬಾರದೆಂಬುದು ಅಮೆರಿಕದ ಹೃದಯ ಸಂಘದ ಸಲಹೆ. ನಾಲ್ಕು ವರ್ಷದೊಳಗಿನವರಿಗೆ ಗಟ್ಟಿ ಮಿಠಾಯಿ, ಇಡೀ ಶೇಂಗಾ ಬೀಜ ಕೊಡಲೇಬಾರದು, ಗಂಟಲಿಗೆ ಸಿಕ್ಕಿಕೊಳ್ಳುತ್ತವೆ. ಇದನ್ನು ನಮ್ಮೂರ ಜಾತ್ರೆಗೆ ಹೋಗುವ ಅಜ್ಜ ಅಜ್ಜಿಯರೂ ನೆನಪಿಡುವುದು ಒಳ್ಳೆಯದು.

ಕೊನೆಗೆ ನಾನು ಮಗನಿಗೆ ಒಂದೇ ಪ್ರಶ್ನೆ ಕೇಳಿದೆ: “ತಮ್ಮಾ, ನಾವು ಹೋಗೂದು ಆಕಿ ಸಲುವಾಗೋ, ನನ್ನ ಸಲುವಾಗೋ?”

ಅವನು ಬಹಳ ಹೊತ್ತು ಸುಮ್ಮನಿದ್ದ. ಆಮೇಲೆ ಹೇಳಿದ: “ಅಪ್ಪನ ಜೋಡಿ ಆಕಿದೊಂದು ಫೋಟೋನೂ ಇಲ್ಲಲ್ಲವ್ವಾ.”

ಅದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ಕೂಸು ಹುಟ್ಟಿದ್ದು 2021ರ ಫೆಬ್ರುವರಿಯಲ್ಲಿ. ಎರಡನೆಯ ಅಲೆಯಲ್ಲಿ ಇವರು ಹೋದರು. ಮೊಮ್ಮಗಳನ್ನು ಅವರು ನೋಡಿದ್ದು ಫೋನಿನ ಪರದೆಯಲ್ಲಿ ಮಾತ್ರ. ಮಗ ಬೇಡುತ್ತಿದ್ದದ್ದು ಹಬ್ಬವನ್ನಲ್ಲ ಎಂದು ನನಗೆ ಅರ್ಥವಾಯಿತು. ಆದರೆ ಆ ದುಃಖದ ಭಾರವನ್ನು ಎರಡೂವರೆ ವರ್ಷದ ಕೂಸು ರಾತ್ರಿ ಒಂಬತ್ತರವರೆಗೆ ಎಚ್ಚರವಿದ್ದು ಹೊರಬೇಕೇ? ಫೋಟೋದಲ್ಲಿ ಅವಳು ಅಳುತ್ತಿದ್ದರೆ ಅದು ಯಾರ ನೆನಪು? ಈ ವರ್ಷ ಬೇಡವೆಂದು ಮೂವರೂ ಒಪ್ಪಿದೆವು. ಒಪ್ಪಿದ ಮೇಲೂ ಮಗ ಎರಡು ದಿನ ಮಂಕಾಗಿದ್ದ. ಸರಿಯಾದ ತೀರ್ಮಾನವಾದರೂ ಮನೆಯಲ್ಲಿ ಒಬ್ಬರಿಗೆ ನೋವು ಉಳಿಯುತ್ತದೆ. ಅದನ್ನು ಮುಚ್ಚಿಡದೆ ಹೇಳುತ್ತಿದ್ದೇನೆ.

ಅದೇ ತಿಂಗಳು ವಿಜಯದಶಮಿ ಬಂತು. ಬನ್ನಿ ಎಲೆ ಸಿಗಲಿಲ್ಲ, ಕಾಗದ ಕತ್ತರಿಸಿ ಎಲೆ ಮಾಡಿ ಕೂಸಿನ ಕೈಗೆ ಕೊಟ್ಟೆವು. ಪರಿಚಯದ ನಾಲ್ಕು ಕನ್ನಡದ ಮನೆಗಳಿಗೆ ಹೋಗಿ ಹಂಚಿ ಬಂದಳು. ನಾನು ನಿತ್ಯ ಸಂಜೆ ಅವಳ ಜೊತೆ ಹಳೆಯ ಕಾಗದದ ಚೀಲಕ್ಕೆ ಕಣ್ಣು, ಮೂಗು ಬರೆದು ಮುಖವಾಡದ ಆಟ ಆಡತೊಡಗಿದೆ. ನಾನು ಹಾಕಿಕೊಳ್ಳುವುದು, ಅವಳು ತೆಗೆಯುವುದು, ಒಳಗೆ ಆಯಿಯೇ ಇರುವುದು. ಮೊದಲ ದಿನ ಹಿಂದೆ ಸರಿದಳು. ವಾರದ ಹೊತ್ತಿಗೆ ತಾನೇ ಚೀಲ ತಂದು ನನ್ನ ತಲೆಗೆ ಹಾಕತೊಡಗಿದಳು.

ಅಕ್ಟೋಬರ್ 31 ಮಂಗಳವಾರ. ಕತ್ತಲಾಗುವ ಮುನ್ನವೇ ಅವಳಿಗೆ ಕುಂಬಳಕಾಯಿಯ ಅಂಗಿ ತೊಡಿಸಿ ಮನೆಯ ಮೆಟ್ಟಿಲ ಮೇಲೆ ಕೂರಿಸಿದೆವು. ತೊಡೆಯ ಮೇಲೆ ಮಿಠಾಯಿಯ ಬುಟ್ಟಿ. ಅವಳು ಬೇಡಲು ಹೋಗಲಿಲ್ಲ, ಕೊಡುವ ಕೆಲಸ ಅವಳದು. ಬಂದ ಮಕ್ಕಳಿಗೆಲ್ಲ ಒಂದೊಂದು ಎತ್ತಿ ಕೊಡುತ್ತ, ಕೊಟ್ಟಾಗಲೊಮ್ಮೆ ನನ್ನ ಮುಖ ನೋಡಿ ನಗುತ್ತಿದ್ದಳು. ಹತ್ತು ಹನ್ನೆರಡು ವರ್ಷದ ಹುಡುಗನೊಬ್ಬ ಅಸ್ಥಿಪಂಜರದ ಮುಖವಾಡ ಹಾಕಿ ಬಂದ. ಅವಳ ಕೈ ಅಲ್ಲೇ ನಿಂತಿತು. ಬುಟ್ಟಿ ಬಿಟ್ಟು ನನ್ನ ಮಡಿಲಿಗೆ ಬಂದಳು. ಹುಡುಗ ಜಾಣ, ಅವಳು ಅಂಜಿದ್ದು ನೋಡಿ ತಕ್ಷಣ ಮುಖವಾಡ ಮೇಲಕ್ಕೆ ಸರಿಸಿದ. ಒಳಗೆ ಬೆವೆತ ಮುಖ, ಮುಂದಿನ ಎರಡು ಹಲ್ಲಿನ ನಡುವೆ ಸಂದು. ಅವಳು ಬಹಳ ಹೊತ್ತು ಅವನನ್ನೇ ನೋಡಿದಳು. ಆಮೇಲೆ ಇಳಿದು ಹೋಗಿ ಎರಡು ಮಿಠಾಯಿ ಕೊಟ್ಟಳು.

“ಗುಮ್ಮ ಅಲ್ಲ, ಅಣ್ಣ” ಎಂದಳು ನನಗೆ. ಮಗ ಆ ಕ್ಷಣ ಫೋಟೋ ತೆಗೆದ. ಅದರಲ್ಲಿ ನನ್ನ ಅರ್ಧ ಮುಖ ಮಾತ್ರ ಇದೆ. ಅವನು ಅದನ್ನೇ ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದ್ದಾನೆ.

ಹಾಗಾದರೆ ಥೀಮ್ ಪಾರ್ಕಿನ ಹ್ಯಾಲೋವೀನ್‌ಗೆ ಮಕ್ಕಳನ್ನು ಕರೆದೊಯ್ಯಬಾರದೇ? ಹಾಗೆಂದು ನಾನು ಹೇಳುವುದಿಲ್ಲ. ಹೊರನಾಡಿನಲ್ಲಿರುವ ನಮ್ಮ ಮಕ್ಕಳು ಅಲ್ಲಿಯ ನೆರೆಹೊರೆಯ ಹಬ್ಬದಲ್ಲಿ ಬೆರೆಯುವುದು ತಪ್ಪಲ್ಲ. ಧರ್ಮ ಕೆಡುತ್ತದೆಂದು ಅವರನ್ನು ಫೋನಿನಲ್ಲಿ ಗದರಿಸುವ ಹಿರಿಯರು ಮೊದಲು ನನ್ನಂತೆ ತಮ್ಮ ಮಾತನ್ನು ತೂಗಿ ನೋಡಲಿ. ಮಗು ಐದೋ ಆರೋ ವರ್ಷದ್ದಾಗಿ, ಮುಖವಾಡದ ಒಳಗೆ ಮನುಷ್ಯನಿದ್ದಾನೆಂದು ತಾನೇ ತಿಳಿದು ನಗುವಂತಾದ ಮೇಲೆ ಧಾರಾಳ ಹೋಗಲಿ. ಅಷ್ಟರ ಮಟ್ಟಿಗೆ ಬೆಳೆಯದ ಮಗುವನ್ನು, ಟಿಕೆಟ್ ಪುಕ್ಕಟೆಯೆಂದೋ, ನಮಗೊಂದು ಫೋಟೋ ಬೇಕೆಂದೋ ಎಳೆದೊಯ್ಯುವುದು ಬೇಡ. ಮಾತು ಬಾರದ ಕೂಸಿನ ಅಂಜಿಕೆಯನ್ನೂ ಒಂದು ಮಾತೆಂದು ಕೇಳಿಸಿಕೊಳ್ಳುವುದು ಹಿರಿಯರ ಕೆಲಸ.

ನನ್ನ ಮುಖ್ಯ ಬಿನ್ನಹ ಊರಲ್ಲಿರುವ ನಮಗೆ. ಅಮೆರಿಕದ ಮಕ್ಕಳಿಗೆ ಗುಮ್ಮ ವರ್ಷಕ್ಕೊಂದು ಸಲ ಬರುತ್ತಾನೆ, ಬಂದು ಮುಖವಾಡ ತೆಗೆದು ಮಿಠಾಯಿ ಪಡೆದು ಹೋಗುತ್ತಾನೆ. ನಮ್ಮ ಮನೆಗಳಲ್ಲಿ ಅವನು ದಿನಕ್ಕೆ ಎರಡು ಸಲ ಊಟದ ಹೊತ್ತಿಗೆ ಬರುತ್ತಾನೆ, ಮುಖವಾಡ ಮಾತ್ರ ಎಂದೂ ತೆಗೆಯುವುದಿಲ್ಲ. ಉಣ್ಣದಿದ್ದರೆ ಗುಮ್ಮ, ಮಲಗದಿದ್ದರೆ ದೆವ್ವ, ಹಟ ಮಾಡಿದರೆ ಪೊಲೀಸ, ಸೂಜಿ ಚುಚ್ಚುವ ಡಾಕ್ಟರ. ಹೀಗೆ ಬೆಳೆದ ಮಗು ದೊಡ್ಡದಾದ ಮೇಲೆ ಅಂಗೈಯ ಲಿಂಗವನ್ನು ನಂಬದೆ ತಾಯಿತದವನ ಮನೆ ಹುಡುಕಿಕೊಂಡು ಹೋದರೆ ಅದರಲ್ಲಿ ಆಶ್ಚರ್ಯವೇನು? ಅಂಜಿಕೆಯ ಬೀಜ ಬಿತ್ತಿದವರು ನಾವೇ.

ಊರಿಗೆ ಬಂದ ಮೇಲೆ ಒಂದು ದಿನ ಪಕ್ಕದ ಮನೆಗೆ ಹೋಗಿದ್ದೆ. ಅಲ್ಲಿಯ ಅಜ್ಜಿ ಮೊಮ್ಮಗನಿಗೆ ಉಣ್ಣಿಸುತ್ತಿದ್ದಳು. ಹುಡುಗ ಬಾಯಿ ಬಿಡಲೊಲ್ಲ. ಆಕೆ ಕಿಟಕಿಯ ಕಡೆ ಕೈ ಎತ್ತಿದಳು. ನಾನು ಆ ಕೈ ಹಿಡಿದು ಕೆಳಗಿಳಿಸಿ, “ತಡಿಯವ್ವಾ, ಚಮಚ ಅವನ ಕೈಯಾಗ ಕೊಟ್ಟು ನೋಡೋಣ” ಎಂದೆ. ಅರ್ಧ ಅನ್ನ ನೆಲಕ್ಕೆ ಬಿತ್ತು. ಉಳಿದ ಅರ್ಧ ಹೊಟ್ಟೆಗೆ ಹೋಯಿತು. ನೆಲ ಒರೆಸಲು ನಾನೂ ಕೈಗೂಡಿಸಿದೆ.